ಗಾಳಿಚೀಲ ಮೇಲೋ, ಚಾಕು ಮೇಲೋ

ಮಾಸೂರು, ಹಿರೇಕೆರೂರು ತಾಲೂಕು
ತಾ. ೧೪-೪-೧೯೭೪

ಗುತ್ತೆಪ್ಪ ಮಾಸ್ತರರಿಗೆ ಕರಬಸಪ್ಪನ ನಮಸ್ಕಾರಗಳು.

ಇತ್ತ ಗಂಟಲು ಕ್ಷೇಮ. ಅತ್ತ ಗಂಟಲು ಹೇಗಿದೆ, ಕೂಡಲೇ ತಿಳಿಸಬೇಕು.

ಮಿರಜಿನ ಆಸ್ಪತ್ರೆಯಲ್ಲಿ ಆಡಿದ ಮಾತಿನಂತೆ ಮೊದಲ ಪತ್ರ ನಾನೇ ಬರೆಯುತ್ತಿದ್ದೇನೆ. ನಮ್ಮಿಬ್ಬರದೂ ಒಂದೇ ರೋಗ, ಅನ್ನನಾಳದ ಕೆಳಬಾಯಿ ಬಿಗಿದುಕೊಂಡು ಉಂಡದ್ದು ಹೊಟ್ಟೆಗಿಳಿಯದೆ ಎದೆಯಲ್ಲೇ ನಿಲ್ಲುವ ರೋಗ. ಡಾಕ್ಟರು ಅದಕ್ಕೆ ಅಕಲೇಷಿಯಾ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ನಾಲಿಗೆ ತಿರುಗುವುದಿಲ್ಲ. ರೋಗ ಒಂದಾದರೂ ಚಿಕಿತ್ಸೆ ಎರಡಾಯಿತು. ನನಗೆ ಬಾಯೊಳಗಿಂದ ನಳಿಗೆ ಇಳಿಸಿ, ಗಾಳಿಚೀಲ ಉಬ್ಬಿಸಿ ಬಿಗಿ ಸಡಿಲಿಸಿದರು. ನೀವು ಮೂವತ್ತು ದಾಟದವರು, ಹರೆಯದವರಿಗೆ ಗಾಳಿಚೀಲ ಬಹಳ ದಿನ ತಾಳುವುದಿಲ್ಲ ಎಂದು ಎಡಪಕ್ಕೆ ಕೊಯ್ದು ಸ್ನಾಯುವನ್ನೇ ಸೀಳಿದರು. ಬಿಟ್ಟು ಬರುವ ದಿನ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ? "ಹತ್ತು ವರ್ಷದ ಮ್ಯಾಲ ಯಾವ್ದು ಛಲೋ ಅಂತ ನನಗೂ ಪಕ್ಕಾ ಗೊತ್ತಿಲ್ರಿ. ನೀವಿಬ್ರೂ ಒಬ್ರಿಗೊಬ್ರು ಬರಕೋಂತ ಇರ್ರಿ. ನನಗೂ ಒಂದ್ ಕಾರ್ಡ್ ಹಾಕ್ರಿ."

ಹಾಗಾಗಿ ಇದು ಪಂದ್ಯವೆಂದೇ ತಿಳಿಯಿರಿ. ನಿನ್ನೆ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಒಂದು ತಾಟು ಅನ್ನ ಸಾರು ಉಂಡೆ. ಹೆಂಡತಿ ಹಾಲವ್ವ ಕಣ್ಣು ಬಿಟ್ಟುಕೊಂಡು ನೋಡುತ್ತ ನಿಂತಿದ್ದಳು. ನಮ್ಮವ್ವನಿಗೆ ಮಾತ್ರ ಇನ್ನೂ ನಂಬಿಕೆಯಿಲ್ಲ. ಯಾರೋ ನನಗೆ ಊಟದಲ್ಲಿ ಮದ್ದು ಹಾಕಿದ್ದಾರೆಂದು ಹೋದ ವರ್ಷ ಮದ್ದು ತೆಗೆಯುವವನ ಹತ್ತಿರ ಕರೆದೊಯ್ದು ಕಷಾಯ ಕುಡಿಸಿ ವಾಂತಿ ಮಾಡಿಸಿದ್ದಳು. ವಾಂತಿ ಮಾಡುವುದಕ್ಕೆ ನನಗೆ ಕಷಾಯವಾದರೂ ಯಾಕೆ ಬೇಕಿತ್ತು, ಹೇಳಿ!

ನಿಮ್ಮ ಗಾಯ ಬೇಗ ಮಾಯಲಿ. ಪಂದ್ಯದಲ್ಲಿ ಸೋಲಲು ಸಿದ್ಧರಾಗಿ.

ನಿಮ್ಮ,
ಕರಬಸಪ್ಪ

ಹುಲಗೂರು, ಶಿಗ್ಗಾಂವಿ ತಾಲೂಕು
ತಾ. ೨-೬-೧೯೭೪

ಮಾನ್ಯ ಕರಬಸಪ್ಪನವರಿಗೆ ಗುತ್ತೆಪ್ಪನ ಶರಣು.

ಪತ್ರ ತಲುಪಿತು. ಉತ್ತರ ತಡವಾದುದಕ್ಕೆ ಬೇಸರ ಬೇಡ. ಎಡಗೈ ಎತ್ತಿದರೆ ಪಕ್ಕೆ ಇನ್ನೂ ಜಗ್ಗುತ್ತದೆ. ಶಾಲೆ ಶುರುವಾಗಿದೆ. ಹಲಗೆಯ ಮೇಲ್ತುದಿಯ ಸಾಲು ಬರೆಯಲು ಎತ್ತರದ ಹುಡುಗನೊಬ್ಬನನ್ನು ಎಬ್ಬಿಸುತ್ತೇನೆ.

ಅನ್ನ ಇಳಿಯುತ್ತಿದೆ. ರೊಟ್ಟಿಯೂ ಇಳಿಯುತ್ತಿದೆ. ನಾನು ಮೊದಲ ತುತ್ತು ನುಂಗುವಾಗ ನನ್ನಾಕೆ ಅನ್ನವ್ವ ತಾನೂ ಗಂಟಲು ಆಡಿಸುತ್ತಾಳೆ. ನಾಲ್ಕು ವರ್ಷ ಗೋಡೆಯ ಕಡೆ ಮುಖ ಮಾಡಿ ಉಂಡವನು ಈಗ ಎಲ್ಲರ ಎದುರು ಕೂತು ಉಣ್ಣುತ್ತಿದ್ದೇನೆ. ಇದಕ್ಕಿಂತ ದೊಡ್ಡದು ನನಗೇನೂ ಬೇಕಿಲ್ಲ. ಎದೆಯಲ್ಲಿ ಒಂದಿಷ್ಟು ಉರಿ ಇದೆ, ಹೊಸ ಗಾಯದ್ದಿರಬೇಕು.

ಪಂದ್ಯದಲ್ಲಿ ಇಬ್ಬರೂ ಗೆದ್ದರೆ ಒಳ್ಳೆಯದು. ಮನೆಯ ಹಿರಿಯರಿಗೆ ನಮಸ್ಕಾರ ತಿಳಿಸಿರಿ.

ಇಂತಿ,
ಗುತ್ತೆಪ್ಪ

ಮಾಸೂರು
ತಾ. ೨೦-೧೦-೧೯೭೬

ಗುತ್ತೆಪ್ಪ ಮಾಸ್ತರರಿಗೆ,

ನಿಮ್ಮ ಪತ್ರಗಳು ನಿಮ್ಮ ಹಾಗೆಯೇ ಮಿತಭಾಷಿ. ಹೋದ ವರ್ಷದ ಕಾರ್ಡಿನಲ್ಲಿ "ಊಟ ಸರಿ, ನಿದ್ದೆ ಸಾಧಾರಣ" ಎಂದು ಎರಡೇ ಮಾತು. ಇನ್ಸ್‌ಪೆಕ್ಟರ್ ಶಾಲೆಗೆ ಬಂದಾಗಲಾದರೂ ನಾಲ್ಕು ಮಾತು ಜಾಸ್ತಿ ಆಡುತ್ತೀರೋ ಇಲ್ಲವೋ?

ಈ ಸಲ ಮದಗದ ಕೆರೆ ತುಂಬಿದೆ. ಕೆಳಗಿನ ಗದ್ದೆಯಲ್ಲಿ ಭತ್ತ ಸೊಂಟದವರೆಗೆ ನಿಂತಿದೆ. ಹೊಸ ಅಕ್ಕಿ ಬರುತ್ತಲೇ ಒಂದು ಚೀಲ ಹುಲಗೂರಿಗೆ ಕಳಿಸುತ್ತೇನೆ, ಬೇಡ ಅನ್ನಬಾರದು.

ಗಾಳಿಚೀಲದವನು ಗಟ್ಟಿಯಾಗಿದ್ದೇನೆ. ಊಟದ ನಡುವೆ ಚೆಂಬುಗಟ್ಟಲೆ ನೀರು ಕುಡಿಯುವ ಚಟವೊಂದು ಹತ್ತಿಕೊಂಡಿದೆ, ಅಷ್ಟೇ. "ಉಣ್ಣಾಕ ಕುಂತೀರೋ, ಹೊಲಕ್ಕ ನೀರು ಹಾಯ್ಸಾಕ ಕುಂತೀರೋ?" ಎಂದು ಹಾಲವ್ವ ಛೇಡಿಸುತ್ತಾಳೆ. ಹೋದ ತಿಂಗಳು ಎತ್ತು ನೋಡಲೆಂದು ಮಿರಜಿನ ಕಡೆ ಹೋಗಿದ್ದೆ. ಹೋದವನು ಡಾಕ್ಟರನ್ನೂ ಮಾತಾಡಿಸಿ ಬಂದೆ. ಎತ್ತು ಮನಸ್ಸಿಗೆ ಬರಲಿಲ್ಲ. ಡಾಕ್ಟರು ನಿಮ್ಮನ್ನು ಕೇಳಿದರು.

ಪಂದ್ಯದಲ್ಲಿ ನಾನೇ ಮುಂದಿದ್ದೇನೆಂದು ತಿಳಿಯಿರಿ.

ನಿಮ್ಮ,
ಕರಬಸಪ್ಪ

ಸವಣೂರು
ತಾ. ೬-೨-೧೯೭೯

ಕರಬಸಪ್ಪಣ್ಣನವರಿಗೆ ತಮ್ಮ ಗುತ್ತೆಪ್ಪನ ಶರಣು.

ಸವಣೂರಿಗೆ ವರ್ಗವಾಗಿ ಬಂದದ್ದನ್ನು ತಿಳಿಸಿದ್ದೆ. ಇಲ್ಲಿ ಊರಂಚಿಗೆ ಎರಡು ಖೋಲಿಯ ಮನೆ ಕಟ್ಟಿದ್ದೇನೆ. ಹೆಂಚಿನದು, ಮುಂದೆ ಕಟ್ಟೆ ಇದೆ. ನಮ್ಮ ವಂಶದಲ್ಲಿ ಕಲ್ಲಿನ ಗೋಡೆ ಕಟ್ಟಿಸಿದವನು ನಾನೇ ಮೊದಲಿಗ. ಅದನ್ನು ಬರೆಯುವಾಗ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ.

ಮುಂದಿನ ತಿಂಗಳ ಮೊದಲ ವಾರ ಒಕ್ಕಲಾಗುತ್ತೇವೆ. ನೀವು ಬರಬೇಕು. ಮುಖ ತೋರಿಸಿ ಹೋಗಲಿಕ್ಕಲ್ಲ, ಊಟಕ್ಕೆ ಬರಬೇಕು. ನಾವಿಬ್ಬರೂ ವಾರ್ಡಿನಲ್ಲಿ ಒಂದೇ ಕಿಟಕಿಯ ಕೆಳಗೆ ಗಂಜಿ ಕುಡಿದವರು. ಕೂಡಿ ಉಂಡವರಲ್ಲ, ಆಗ ಉಣ್ಣುವ ಗಂಟಲೇ ಇಬ್ಬರಿಗೂ ಇರಲಿಲ್ಲ.

ನಮ್ಮದು ಕೇರಿಯವರ ಮನೆ, ಗೋಡೆಗೆ ಬುದ್ಧನ ಪಟ ಹಾಕಿಕೊಂಡವರು. ವಾರ್ಡಿನಲ್ಲೇ ನಿಮಗೆ ಹೇಳಿದ್ದೆ. "ಗಂಟಲು ಕಟ್ಟಿದವ್ರಿಗೆ ಎಂಥಾ ಜಾತಿ ಬಿಡ್ರಿ ಮಾಸ್ತರ" ಎಂದು ನಕ್ಕಿದ್ದಿರಿ. ಆ ನಗೆಯ ಧೈರ್ಯದ ಮೇಲೆಯೇ ಕರೆಯುತ್ತಿದ್ದೇನೆ.

ನಿಮ್ಮ ದಾರಿ ನೋಡುವ,
ಗುತ್ತೆಪ್ಪ

ಮಾಸೂರು
ತಾ. ೧೨-೩-೧೯೭೯

ಗುತ್ತೆಪ್ಪ ಮಾಸ್ತರರಿಗೆ,

ನಿಮ್ಮ ಮನೆ ನೋಡಿ ಬಹಳ ಸಂತೋಷವಾಯಿತು. ಕಟ್ಟೆ ಚೆಂದ ಬಂದಿದೆ. ಅಂದು ನನ್ನ ಒಪ್ಪತ್ತು ಇದ್ದುದರಿಂದ ಊಟಕ್ಕೆ ಕೂರಲಾಗಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಂಗಿ ಅನ್ನವ್ವ ಕಟ್ಟಿಕೊಟ್ಟ ಹೋಳಿಗೆ, ಬದನೆಕಾಯಿ ಪಲ್ಯವನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಾಯಿ ಚಪ್ಪರಿಸಿ ಉಂಡರು.

ಕೆಲಸದ ಗಡಿಬಿಡಿ. ಇನ್ನೊಮ್ಮೆ ಸಾವಕಾಶ ಬರೆಯುತ್ತೇನೆ.

ಕರಬಸಪ್ಪ

ಸವಣೂರು
ತಾ. ೨೩-೩-೧೯೭೯

ಮಾನ್ಯ ಕರಬಸಪ್ಪನವರಿಗೆ,

ಒಪ್ಪತ್ತು ಇರುವವರು ಒಂದು ಹೊತ್ತಾದರೂ ಉಣ್ಣುತ್ತಾರೆ. ಆ ಒಂದು ಹೊತ್ತು ನಮ್ಮ ಮನೆಯಲ್ಲಿ ಆಗಬಹುದಿತ್ತು. ಅಂದು ಈ ಮಾತು ನನ್ನ ಬಾಯಿಗೆ ಬಂದಿತ್ತು. "ದೊಡ್ಡವ್ರು ನೇಮ ಅಂತ ಹೇಳ್ಯಾರ, ನೀವ್ಯಾಕ ಕೆದಕ್ತೀರಿ?" ಎಂದು ಅನ್ನವ್ವ ಒಳಗೆ ಕರೆದು ಮೆಲ್ಲಗೆ ಹೇಳಿದ್ದಕ್ಕೆ ಬಿಟ್ಟೆ.

ಬಸ್‌ಸ್ಟ್ಯಾಂಡಿನಲ್ಲಿ ವೀಳ್ಯದೆಲೆ ಮಾರುವ ಮಲ್ಲಿಕಸಾಬ ನಮ್ಮ ಹಳೆಯ ಪರಿಚಯದವನು. ಮರುದಿನ ಸಿಕ್ಕಿದ್ದ. ನಮ್ಮ ಮನೆಯಿಂದ ಹೋದ ಅತಿಥಿಗಳು ಬಸ್ಸು ಹತ್ತುವ ಮುನ್ನ ಬುತ್ತಿಯನ್ನು ಅಲ್ಲಿ ಕೂತು ಬೇಡುವ ತಿಪ್ಪವ್ವನ ಮಡಿಲಿಗೆ ಹಾಕಿದರೆಂದು, "ಭಾರಿ ಧರ್ಮಾತ್ಮರು ನೋಡ್ರಿ ನಿಮ್ಮ ಗೆಣೆಯಾರು" ಎಂದು ಹೊಗಳಿದ. ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಮನೆಯವರೆಲ್ಲ ಬಾಯಿ ಚಪ್ಪರಿಸಿ ಉಂಡ ಸುದ್ದಿಯ ನಿಮ್ಮ ಪತ್ರ ಆಮೇಲೆ ಬಂತು.

ನಿಮಗೆ ಮುಜುಗರವಾಗಬಾರದೆಂದು ಅನ್ನವ್ವ ಹೊಸ ಪಾತ್ರೆಗಳನ್ನು ತರಿಸಿ, ನಮ್ಮ ಒಲೆಯ ಮೇಲೆ ಅದುವರೆಗೆ ಏರದ ಪಾತ್ರೆಗಳಲ್ಲೇ ಅಡಿಗೆ ಮಾಡಿದ್ದಳು. ಬಡಿಸಲು ಬಾಳೆ ಎಲೆ ತರಿಸಿದ್ದಳು. ನಿನ್ನೆ ಆ ಪಾತ್ರೆಗಳನ್ನು ಅಟ್ಟದ ಮೇಲಕ್ಕೆ ಹಾಕಿದಳು. ನನ್ನ ಸಿಟ್ಟು ನುಂಗಬಹುದು. ಅವಳು ಆಡದ ಮಾತು ನನಗೆ ನುಂಗಲಾಗುತ್ತಿಲ್ಲ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ಇನ್ನು ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಗುತ್ತೆಪ್ಪ

ಮಾಸೂರು
ತಾ. ೧೦-೧೧-೧೯೮೩

ಗುತ್ತೆಪ್ಪ ಮಾಸ್ತರರಿಗೆ,

ಬರೆಯಬೇಡ ಎಂದಿದ್ದಿರಿ, ನಾಲ್ಕು ವರ್ಷ ಬರೆಯಲಿಲ್ಲ. ಈಗ ಬರೆಯದೆ ಗತಿಯಿಲ್ಲ. ಓದಿ ಹರಿದು ಒಲೆಗೆ ಹಾಕಿದರೂ ಸರಿ, ಓದಿಯಂತೂ ಹಾಕಿ.

ಗಾಳಿಚೀಲ ಎರಡು ವರ್ಷವೂ ಪೂರ್ತಿ ತಾಳಲಿಲ್ಲ. ಮಿರಜಿಗೆ ಎತ್ತು ನೋಡಲು ಹೋಗಿದ್ದೆನೆಂದು ಬರೆದಿದ್ದೆನಲ್ಲ, ಎತ್ತೂ ಇಲ್ಲ ಎಮ್ಮೆಯೂ ಇಲ್ಲ. ಹಾಲವ್ವನಿಗೂ ಎತ್ತಿನ ಸುಳ್ಳನ್ನೇ ಹೇಳಿ, ಎರಡನೇ ಸಲ ಗಾಳಿಚೀಲ ಹಾಕಿಸಿಕೊಂಡು ಬಂದಿದ್ದೆ. ಆಮೇಲೆ ಮತ್ತೆರಡು ಸಲ ಹಾಕಿಸಿದೆ. ಪ್ರತಿ ಸಲವೂ ಕೆಲವು ತಿಂಗಳು ಸುಖ, ಮತ್ತೆ ಬಿಗಿ. ಪಂದ್ಯದಲ್ಲಿ ನಾನೇ ಮುಂದೆ ಎಂದು ಕೊಚ್ಚಿಕೊಂಡವನು ಬಿದ್ದೆನೆಂದು ಯಾವ ಮುಖದಿಂದ ಬರೆಯಲಿ?

ನಿಮ್ಮ ಮನೆಗೆ ಬಂದ ದಿನ ಬೆಳಗಿನಿಂದ ಗಂಜಿಯೂ ಇಳಿದಿರಲಿಲ್ಲ. ಎರಡು ತುತ್ತು ಉಂಡಿದ್ದರೆ ಹೊಸ ಮನೆಯ ನಡುವೆ, ಜನರೆದುರು, ನಿಮ್ಮ ಬುದ್ಧನ ಪಟದೆದುರು ಅದು ವಾಪಸು ಬರುತ್ತಿತ್ತು. ಒಕ್ಕಲಾದ ದಿನವೇ ಮನೆಯಲ್ಲಿ ವಾಂತಿಯಾಗಬಾರದೆಂದು ಒಪ್ಪತ್ತಿನ ಸುಳ್ಳು ಹೇಳಿದೆ. ಬುತ್ತಿ ಮನೆಗೆ ಒಯ್ದರೆ ಹಾಲವ್ವ ಎದುರು ಕೂರಿಸಿ ಉಣ್ಣಿಸುತ್ತಾಳೆ, ನನ್ನ ಗುಟ್ಟು ರಟ್ಟಾಗುತ್ತದೆ. ಕೆಡಿಸಲು ಮನಸ್ಸಾಗದೆ ಹಸಿದ ಮುದುಕಿಗೆ ಕೊಟ್ಟೆ. ಆಮೇಲೆ ಎಲ್ಲರೂ ಉಂಡರೆಂದು ಇನ್ನೊಂದು ಸುಳ್ಳು ಪೋಣಿಸಿದೆ. ಆಗಲೇ ಬರೆದು ತಿಳಿಸಬೇಕಿತ್ತು. ಆದರೆ ನಿಮ್ಮ ಪತ್ರ ಓದಿ ನನಗೂ ಸಿಟ್ಟು ಬಂತು. ಇಷ್ಟೇ ತಿಳಿದಿದ್ದಾರಾ ನನ್ನನ್ನು ಎಂದು ಹಟ ಹಿಡಿದೆ.

ಈ ಶ್ರಾವಣದಲ್ಲಿ ಹಾನಗಲ್ಲಿನ ಬೀಗರ ಮನೆಯಲ್ಲೂ ಹೀಗೇ ಉಣ್ಣದೆ ಎದ್ದೆ. ಅವರೂ ಮುನಿಸಿಕೊಂಡು ಮಗಳನ್ನು ತವರಿಗೆ ಕಳಿಸುವುದು ಬಿಟ್ಟಿದ್ದಾರೆ. ನನ್ನ ಗಂಟಲಿಗೆ ಜಾತಿ ಇಲ್ಲ ಮಾಸ್ತರರೇ, ಅದು ಎಲ್ಲರ ಮನೆಯಲ್ಲೂ ನನ್ನ ಮಾನ ಕಳೆಯುತ್ತಿದೆ.

ಈಗ ನೀರೂ ನಿಂತು ನಿಂತು ಇಳಿಯುತ್ತದೆ. ಮಲಗಿದರೆ ಉಂಡದ್ದು ಮೂಗಿಗೆ ಬಂದು ಉಸಿರು ಕಟ್ಟುತ್ತದೆ. ಧೋತರ ಉಟ್ಟರೆ ಸೊಂಟದಲ್ಲಿ ನಿಲ್ಲುವುದಿಲ್ಲ. ಇನ್ನು ಗಾಳಿಚೀಲದಿಂದ ಆಗುವುದಿಲ್ಲ, ಕೊಯ್ಯಬೇಕು ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಚಾಕುವೆಂದರೆ ಜೀವ ಹೋಗುತ್ತದೆ. ಆ ದಾರಿಯಲ್ಲಿ ನಡೆದ ನನ್ನ ಪರಿಚಯದವರು ನೀವೊಬ್ಬರೇ. ಹತ್ತು ವರ್ಷವಾಗುತ್ತ ಬಂತು, ನಿಜ ಹೇಳಿ. ಕೊಯ್ಯಿಸಿಕೊಳ್ಳಲೋ, ಹೀಗೇ ಒಣಗಿ ಹೋಗಲೋ?

ಕರಬಸಪ್ಪ

ಸವಣೂರು
ತಾ. ೧೪-೧೧-೧೯೮೩

ಅಣ್ಣಾ,

ಪತ್ರ ಮಧ್ಯಾಹ್ನ ಕೈಸೇರಿತು, ಸಂಜೆಯ ಟಪಾಲಿಗೆ ಇದನ್ನು ಹಾಕುತ್ತಿದ್ದೇನೆ. ಕೊಯ್ಯಿಸಿಕೊಳ್ಳಿ. ಮೊದಲು ಇದನ್ನು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ.

ನಿಜ ಹೇಳಿ ಎಂದಿದ್ದೀರಿ. ನಾನೂ ಅರ್ಧ ನಿಜವನ್ನೇ ಬರೆಯುತ್ತ ಬಂದವನು. ಎದೆಯುರಿ ಹೊಸ ಗಾಯದ್ದಲ್ಲ, ಹತ್ತು ವರ್ಷವಾದರೂ ಹೋಗಿಲ್ಲ. ಬಿಗಿ ಬಿಡಿಸಿದ ಬಾಗಿಲು ಈಗ ಸರಿಯಾಗಿ ಮುಚ್ಚುವುದೂ ಇಲ್ಲ, ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತದೆ. ಮಂಚದ ತಲೆಗಡೆಯ ಕಾಲುಗಳ ಕೆಳಗೆ ಇಟ್ಟಂಗಿ ಇಟ್ಟು ಮಲಗುತ್ತೇನೆ. ಸುಣ್ಣದ ತಿಳಿಯಂಥ ಬಿಳಿ ಔಷಧ ಸದಾ ಮನೆಯಲ್ಲಿರಬೇಕು. ಖಾರ ಬಿಟ್ಟೆ. ಉಂಡ ಮೇಲೆ ಬಗ್ಗಿ ಮಕ್ಕಳ ಪಾಟಿ ನೋಡಲಾರೆ, ನೋಡಿದರೆ ಕೆಂಡ ಬಾಯಿಗೆ ಬರುತ್ತದೆ. ಚಾಕುವಿನವರ ಸುಖ ಇಷ್ಟು. ನೀವು ಗಟ್ಟಿಯಾಗಿದ್ದೀರೆಂದು ನಂಬಿದ್ದೆ, ನನ್ನ ಗೋಳು ತೋಡಿಕೊಳ್ಳಲು ನಾಚಿಕೆಯಾಗಿತ್ತು.

ಆದರೂ ಅಣ್ಣಾ, ನಾನು ಉಣ್ಣುತ್ತೇನೆ. ಈ ಹತ್ತು ವರ್ಷದಲ್ಲಿ ಒಂದು ದಿನವೂ ಅನ್ನ ಎದೆಯಲ್ಲಿ ನಿಂತಿಲ್ಲ. ಉರಿಯ ಜೊತೆ ಬದುಕಬಹುದು, ಉಪವಾಸದ ಜೊತೆ ಬದುಕಲಾಗುವುದಿಲ್ಲ. ಹೋಗಿ. ಅಂಜಿಕೊಂಡೇ ಹೋಗಿ, ಪರವಾಗಿಲ್ಲ.

ಈಗ ಇನ್ನೊಂದು ಮಾತು. ಇದನ್ನು ಬರೆಯಬೇಡವೆಂದು ಅನ್ನವ್ವ ಹೇಳಿದಳು. "ಜೀವದ ಪ್ರಶ್ನೆ ಐತಿ, ಈಗ್ಯಾಕ ಅದು?" ಅಂದಳು. ಆದರೆ ಬರೆಯದಿದ್ದರೆ ನಾನು ಮತ್ತೆ ಅರ್ಧ ನಿಜದವನೇ ಆಗುತ್ತೇನೆ. ಬೀಗರ ಮನೆಯಲ್ಲಿ ಉಣ್ಣದೆ ಎದ್ದರೆ ಅವರು ಸೊಕ್ಕೆಂದು ತಿಳಿಯುತ್ತಾರೆ. ನಮ್ಮ ಮನೆಯಲ್ಲಿ ಎದ್ದರೆ ನಾವು ಬೇರೆ ತಿಳಿಯುತ್ತೇವೆ, ಅಜ್ಜನ ಕಾಲದಿಂದ ಅದಕ್ಕೆ ನಮಗೆ ಇರುವುದು ಅದೊಂದೇ ಅರ್ಥ. ನಿಮ್ಮ ಗಂಟಲಿಗೆ ಜಾತಿಯಿಲ್ಲವೆಂದು ನಂಬಿದೆ. ಆದರೆ ಅಂದು ಗಂಟಲು ನೆಟ್ಟಗಿದ್ದಿದ್ದರೆ ನೀವು ಉಣ್ಣುತ್ತಿದ್ದಿರಾ?

ಅವಸರದಲ್ಲಿ ಉತ್ತರಿಸಬೇಡಿ.

ನಿಮ್ಮ ತಮ್ಮ,
ಗುತ್ತೆಪ್ಪ

ಸವಣೂರು
ತಾ. ೨೬-೨-೧೯೮೪

ಅಣ್ಣಾ,

ಮೂರು ತಿಂಗಳಾದರೂ ನಿಮ್ಮಿಂದ ಸುದ್ದಿಯಿಲ್ಲ. ಆಸ್ಪತ್ರೆಗೆ ಹೋದಿರೋ ಇಲ್ಲವೋ ತಿಳಿಯದು. ದಿನಾ ಟಪಾಲಿನವನನ್ನು ಕೇಳಿ ಕೇಳಿ ಅವನೂ ಬೇಸತ್ತು ಈಗ ದೂರದಿಂದಲೇ ಕೈ ಆಡಿಸುತ್ತಾನೆ.

ನೀರು ಇಳಿಯದ ಮನುಷ್ಯನಿಗೆ ನಾನು ಅಂಥ ಪ್ರಶ್ನೆ ಕೇಳಬಾರದಿತ್ತು. ಅನ್ನವ್ವ ದಿನಕ್ಕೊಮ್ಮೆ ಬೈಯುತ್ತಾಳೆ. "ನನ್ನ ಸಿಟ್ಟು ನನಗಿರ್ಲಿ, ನೀವ್ಯಾಕ ಅದನ್ನ ಅವ್ರ ಮ್ಯಾಲ ಹೇರಿದ್ರಿ?" ಅನ್ನುತ್ತಾಳೆ. ಆ ಪ್ರಶ್ನೆಗೆ ಉತ್ತರ ಬೇಡ. ಇದ್ದೇನೆ ಎಂದು ಒಂದು ಸಾಲು ಬರೆಸಿ ಹಾಕಿ, ಸಾಕು.

ಗುತ್ತೆಪ್ಪ

ಮಾಸೂರು
ತಾ. ೧೮-೫-೧೯೮೪

ತಮ್ಮ ಗುತ್ತೆಪ್ಪನಿಗೆ ಅಣ್ಣ ಕರಬಸಪ್ಪನ ಆಶೀರ್ವಾದಗಳು.

ಇದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಕೊಯ್ದರು. ಗಾಳಿಚೀಲ ಹಾಕಿ ಹಾಕಿ ಒಳಗೆಲ್ಲ ಗಾಯದ ಕಲೆ ಅಂಟಿಕೊಂಡಿತ್ತಂತೆ, ಹೊತ್ತು ಹಿಡಿಯಿತು. ಎರಡು ವಾರ ಜ್ವರದಲ್ಲಿ ಯಮನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ, ಒಳಗೆ ಕರೆಯಲಿಲ್ಲ. ಎರಡನೇ ಸಲ ಬಿಗಿದಾಗಲೇ ಯಾಕೆ ಕೊಯ್ಯಿಸಿಕೊಳ್ಳಲಿಲ್ಲ ಎಂದು ಡಾಕ್ಟರು ಚೆನ್ನಾಗಿ ಝಾಡಿಸಿದರು. ಅವರ ತಲೆಯೂ ಬೆಳ್ಳಗಾಗಿದೆ. "ಹತ್ತು ವರ್ಷ ಆತಲ್ರಿ, ಯಾವ್ದು ಮ್ಯಾಲ ಅಂತ ಹೇಳ್ರಿ" ಅಂದೆ. "ಗಾಳಿಚೀಲದವ್ರು ಕಟ್ಟಿತ್ರಿ ಅಂತ ತಿರುಗಿ ಬರ್ತಾರ, ಚಾಕುವಿನವ್ರು ಉರೀತೈತ್ರಿ ಅಂತ ತಿರುಗಿ ಬರ್ತಾರ. ಕಟ್ಟಿದವ್ರು ಜಾಸ್ತಿ ಬರ್ತಾರ, ಅಷ್ಟ ನಾ ಕಂಡದ್ದು" ಅಂದರು.

ನಿನ್ನ ಎರಡೂ ಪತ್ರ ಬಂದಿದ್ದವು. ಹಾಲವ್ವನಿಗೆ ಹೇಳಿ ಒಂದು ಸಾಲು ಬರೆಸಬಹುದಿತ್ತು, ನಾನೇ ಬೇಡವೆಂದೆ. ಮೊದಲ ಪತ್ರಕ್ಕೆ ಉಣ್ಣುತ್ತಿದ್ದೆ ಎಂದು ಬರೆಯಲು ಪೆನ್ನು ಎತ್ತಿದ್ದೆ. ಆದರೆ ನುಂಗಲು ಆಗದವನು ಉಣ್ಣುತ್ತಿದ್ದೆ ಎಂದು ಬರೆದರೆ ಅದಕ್ಕೇನು ಕಿಮ್ಮತ್ತು? ಕೂತು ಯೋಚಿಸಿದೆ. ಅಂದಿನ ಕರಬಸಪ್ಪನ ಗಂಟಲು ನೆಟ್ಟಗಿದ್ದರೆ ಏನು ಮಾಡುತ್ತಿದ್ದ ಎಂದು ನನಗೇ ಗೊತ್ತಾಗಲಿಲ್ಲ, ಗುತ್ತೆಪ್ಪ. ಗೊತ್ತಾಗಲಿಲ್ಲವಲ್ಲ ಎಂದು ಬಹಳ ಕೆಟ್ಟದೆನಿಸಿತು. ವಾರ್ಡಿನಲ್ಲಿ ನಕ್ಕು ಆಡಿದ ಮಾತು ಎಷ್ಟು ಅಗ್ಗದ್ದಾಗಿತ್ತು ಎಂದೂ ಅನಿಸಿತು. ಅದಕ್ಕೆ ನುಂಗುವುದು ಬರಲಿ, ಆಮೇಲೆ ಉತ್ತರಿಸೋಣ ಎಂದು ಸುಮ್ಮನಾದೆ. ನಿನ್ನನ್ನು ಇಷ್ಟು ಕಾಯಿಸಿದ್ದಕ್ಕೆ ನನ್ನನ್ನು ಬೈದುಕೋ.

ಈಗ ನುಂಗುವುದು ಬಂದಿದೆ. ಮಂಚದ ಕೆಳಗೆ ಇಟ್ಟಂಗಿಯೂ ಬಂದಿವೆ. ಕಾರ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಬರುತ್ತೇನೆ. ಮನೆಯಲ್ಲಿ ಎಲ್ಲರಿಗೂ ಹೇಳಿಯೇ ಬರುತ್ತೇನೆ. ಅವ್ವ ಮುಖ ತಿರುಗಿಸಿದ್ದಾಳೆ, ತಿರುಗಿಸಲಿ. ಅನ್ನವ್ವ ತಂಗಿಗೆ ಹೇಳು, ಹೊಸ ಪಾತ್ರೆ ಬೇಡ, ಬಾಳೆ ಎಲೆ ಬೇಡ.

ನಿನ್ನ ಅಣ್ಣ,
ಕರಬಸಪ್ಪ

ಸವಣೂರು
ತಾ. ೨೪-೬-೧೯೮೪

ಅಣ್ಣಾ,

ಸುಖವಾಗಿ ಮಾಸೂರು ಮುಟ್ಟಿದ್ದೀರೆಂದು ನಂಬಿದ್ದೇನೆ. ನೀವು ಹೋದ ಮೇಲೆ ಇಲ್ಲಿ ನಡೆದದ್ದನ್ನು ಬರೆಯಲೇಬೇಕು.

ನೀವು ಬರುವ ದಿನ ಅನ್ನವ್ವ ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಹೊಸ ಪಾತ್ರೆ ಬೇಡವೆಂದಿದ್ದಾರೆ ಎಂದು ನಾನು ಹೇಳಿದಾಗ, "ಬಾಯಿಲೆ ಹೇಳೋದು ಸಸಾರ" ಅಂದಿದ್ದಳು ಅಷ್ಟೇ. ನಿಮಗೆ ಬಡಿಸಿದ್ದು ನಾನು ದಿನಾ ಉಣ್ಣುವ ತಾಟು. ಬೇಕೆಂದೇ ಅದನ್ನು ಇಟ್ಟಳು. ಇನ್ನೊಂದು ತಾಟು ಇರಲಿಲ್ಲವೆಂದಲ್ಲ.

ನೀವು ಉಣ್ಣುತ್ತಿದ್ದಾಗ ಅವಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದನ್ನು ನೋಡಿರಬೇಕು. ರೊಟ್ಟಿ ಬಡಿಯುವ ಸಪ್ಪಳದ ನಡುವೆಯೂ ಕಿವಿ ಇತ್ತಲೇ ಇತ್ತು. ನೀವು ತುತ್ತು ಇಟ್ಟು, ಅಗಿದು ಅಗಿದು, ನೀರು ಗುಟುಕರಿಸಿ, ಇಳಿಯಿತೋ ಇಲ್ಲವೋ ಎಂದು ಕಾಯುವಾಗ ನಾನೂ ನನ್ನ ಮುಂದಿದ್ದ ತಾಟಿನಲ್ಲಿ ಕೈ ನಿಲ್ಲಿಸಿದ್ದೆ. ಒಂದು ರೊಟ್ಟಿ ಮುಗಿಸಲು ಎಷ್ಟೋ ಹೊತ್ತು ಹಿಡಿಯಿತು. ಸಾಕು ಅನ್ನುತ್ತೀರೆಂದುಕೊಂಡೆ. ಅಂದಿದ್ದರೂ ನನಗೇನೂ ಬೇಸರವಿರಲಿಲ್ಲ.

"ತಂಗಿ, ಬಿಸೀದು ಇನ್ನೊಂದು ರೊಟ್ಟಿ ತಾ ಯವ್ವಾ" ಎಂದು ನೀವು ಕೂಗಿದಾಗ ಅವಳು ಏಳಲು ತಡಮಾಡಿದಳಲ್ಲ, ಕೇಳಿಸಲಿಲ್ಲವೆಂದು ನೀವು ಎರಡನೇ ಸಲ ಕೂಗಿದಿರಿ. ಮೊದಲನೇ ಸಲವೇ ಕೇಳಿಸಿತ್ತು.

ನಿಮ್ಮನ್ನು ಬಸ್ಸು ಹತ್ತಿಸಿ ಬಂದಾಗ ಅವಳು ಆ ತಾಟು ಮುಂದಿಟ್ಟುಕೊಂಡು ಅಳುತ್ತ ಕೂತಿದ್ದಳು. ಉಂಡು ಹೋದರಲ್ಲ, ಇನ್ನೇಕೆ ಅಳುತ್ತೀ ಎಂದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಒಂದು ರೊಟ್ಟಿ ನಮ್ಮ ಸಮಾಧಾನಕ್ಕ ಉಂಡ್ರು ಅಂತ ತಿಳ್ಕೋಬಹುದಿತ್ರಿ. ಇನ್ನೊಂದು ತಾ ಅಂದ್ರಲ್ಲ, ಅದು ಹಸಿವಿಗೆ."

ನಿಮ್ಮ ತಮ್ಮ,
ಗುತ್ತೆಪ್ಪ